ಕೆಂಪು ನೀರು, ಕೆಟ್ಟ ಹೊಟ್ಟೆ: ಭಾನುವಾರ ಟ್ಯಾಂಕ್ ತೊಳೆಯೋಣ

ಮನೆ 14: ಈ ವಾರ ನಮ್ಮ ಸಾಲಿನಲ್ಲೇ ನಾಲ್ಕು ಮನೆಯಲ್ಲಿ ಭೇದಿ. ಮೊನ್ನೆಯ ಮಳೆಯಿಂದ ನಲ್ಲಿಯಲ್ಲಿ ಕೆಂಪು ನೀರು. ಬೇರೆ ಸಾಲಿನವರೂ ಹೇಳಿ.

ಮನೆ 31: ನಮ್ಮ ಮಗುವಿಗೂ ಎರಡು ದಿನದಿಂದ. ಆಶಾ ಅಕ್ಕ ಒಆರ್‌ಎಸ್, ಜಿಂಕ್ ಮಾತ್ರೆ ಕೊಟ್ಟು ಹೋದರು. ಭೇದಿ ನಿಂತರೂ ಜಿಂಕ್ 14 ದಿನ ಕೊಡಬೇಕಂತೆ.

ಮನೆ 7: ನನ್ನದು ಭೇದಿ ಅಲ್ಲ, ಹೊಟ್ಟೆ ಉರಿ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರಿನಲ್ಲಿ ಗುಡ್ಡ ಜಾರಿತಲ್ಲ, ಆಗ ಶುರುವಾಗಿದ್ದು. ಪರಿಹಾರ ಕೇಂದ್ರದಲ್ಲಿ ಊಟವೇ ಸೇರುತ್ತಿರಲಿಲ್ಲ. ಈಗಲೂ ರಾತ್ರಿ ಜೋರು ಮಳೆ ಬಂದರೆ ಸಾಕು, ಹೊಟ್ಟೆ ತೊಳಸುತ್ತದೆ. ಹೇಳಿದರೆ ಮನೆಯವರು ನಗುತ್ತಾರೆ.

ಮನೆ 19: ನಗುವ ವಿಷಯ ಅಲ್ಲ ಅಣ್ಣ. ಮೂವತ್ತು ವರ್ಷ ನರ್ಸ್ ಆಗಿದ್ದವಳು ಹೇಳುತ್ತಿದ್ದೇನೆ. 1995ರಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪ ಆದ ಮೇಲೆ ಹೊಟ್ಟೆ ಹುಣ್ಣಿನಿಂದ ರಕ್ತ ಹೋಗುವವರು ಜಾಸ್ತಿಯಾಗಿದ್ದರು. 2011ರ ಸುನಾಮಿ ನಂತರವೂ ಹಾಗೇ. ಹೆದರಿಕೆ, ನಿದ್ದೆಗೇಡು ಹೊಟ್ಟೆಗೂ ಇಳಿಯುತ್ತದೆ. ಹಾಗಂತ ಎಲ್ಲವನ್ನೂ ಭಯದ ಮೇಲೆ ಹಾಕಬೇಡಿ. ನೀವು ಮಂಡಿ ನೋವಿಗೆ ಮಾತ್ರೆ ನುಂಗುತ್ತೀರಲ್ವಾ? ಅದರಿಂದಲೂ ಹುಣ್ಣಾಗುತ್ತದೆ. ಡಾಕ್ಟರಿಗೆ ಎರಡನ್ನೂ ಹೇಳಿ. ಮಲ ಟಾರಿನ ಹಾಗೆ ಕಪ್ಪಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಮನೆ 7: ಬರೀ ಹೊಟ್ಟೆಯಲ್ಲಿ ನುಂಗಲ್ಲ ಅಕ್ಕ. ಕಾಫಿ ಜೊತೆ.

ಮನೆ 19: ಕಾಫಿ ಊಟ ಅಲ್ಲ!

ಮನೆ 2: ಟ್ಯಾಂಕಿಗೆ ಬ್ಲೀಚಿಂಗ್ ಸುರಿದರೆ ಮುಗೀತು ಅಲ್ವಾ?

ಮನೆ 19: ಸುಮ್ನೆ ಸುರಿದರೆ ದಂಡ. ಕೆಸರು ನೀರಿನಲ್ಲಿ ಅರ್ಧ ಕ್ಲೋರಿನ್ ಕೆಸರಿಗೇ ಹೋಗುತ್ತದೆ. ಮೊದಲು ಟ್ಯಾಂಕ್ ಖಾಲಿ ಮಾಡಿ ಉಜ್ಜಬೇಕು. ಆಮೇಲೆ ತಿಳಿ ನೀರು ತುಂಬಿಸಿ, ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಪುಡಿ. ಬಕೆಟಿನಲ್ಲಿ ಕಲಸಿ, ಮೇಲಿನ ತಿಳಿ ಮಾತ್ರ ಹಾಕಿ ಒಂದು ಗಂಟೆ ಬಿಡಬೇಕು. ಅಲ್ಲಿವರೆಗೆ ಕುಡಿಯೋಕೆ ಕುದಿಸಿದ ನೀರೇ. ಬೆಚ್ಚಗೆ ಮಾಡಿದ್ದಲ್ಲ, ಕೊತಕೊತ ಕುದಿದಿರಬೇಕು.

ಮನೆ 14: ಪೈಪು ಚರಂಡಿ ದಾಟುವ ಕಡೆ ಒಡೆದಿದೆ ಅಂತ ನನಗೆ ಅನುಮಾನ. ಪಂಚಾಯಿತಿಗೆ ಅರ್ಜಿ ಬರೆಯುತ್ತಿದ್ದೇನೆ. ಯಾರ ಮನೆಯಲ್ಲಿ ಯಾವತ್ತು ಭೇದಿ ಶುರುವಾಯಿತು, ನಂಬರ್ ಸಮೇತ ಹಾಕಿ. ಯಾವ ಸಾಲಿನಲ್ಲಿ ಜಾಸ್ತಿ ಅಂತ ಗೊತ್ತಾದರೆ ಎಲ್ಲಿ ಅಗೆಯಬೇಕು ಅಂತಲೂ ಗೊತ್ತಾಗುತ್ತದೆ. ನೀರಿನ ಸ್ಯಾಂಪಲ್ ಮಾತ್ರ ಟ್ಯಾಂಕ್ ತೊಳೆಯುವ ಮೊದಲೇ ಹಿಡಿಯಬೇಕು. ಆಮೇಲೆ ಹಿಡಿದರೆ ‘ನೀರು ಚೆನ್ನಾಗೇ ಇದೆಯಲ್ಲ’ ಅಂತಾರೆ.

ಮನೆ 7: ಏಣಿ ನಾನು ತರುತ್ತೇನೆ. ಹತ್ತೋಕೆ ಹುಡುಗರು ಬನ್ನಿ, ನನ್ನ ಮಂಡಿ ಗೊತ್ತಲ್ಲ.