ಇಂಜಿನ್ ಹೆಡ್ ಬಿಚ್ಚಿಸುವ ಮೊದಲು

ಸುಹಾಸ, ನಿನ್ನ ಸಂದೇಶವನ್ನೂ ಅದರ ಕೆಳಗೆ ಮನೆಮಂದಿಯೆಲ್ಲ ಕೊಟ್ಟ ಸಲಹೆಗಳನ್ನೂ ಓದಿದೆ. ಮಾತಿನಲ್ಲೇ ಹೇಳಿ ಕಳಿಸೋಣವೆಂದು ಫೋನ್ ಹಿಡಿದೆನಾದರೂ, ಕಲಂ, ದಿನಾಂಕ, ದುಡ್ಡಿನ ಲೆಕ್ಕ ಇವೆಲ್ಲ ಕೇಳಿದ ಮಾತ್ರಕ್ಕೆ ನೆನಪಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಬರೆದೇ ಕಳಿಸುತ್ತಿದ್ದೇನೆ. ಉದ್ದವಾಗಿದೆ, ಸಾವಕಾಶವಾಗಿ ಓದು. ಒಂದು ಕೆಲಸವನ್ನು ಮಾತ್ರ ಈಗಲೇ ಮಾಡು: ಗ್ಯಾರೇಜಿನವರಿಗೆ ಫೋನ್ ಮಾಡಿ, ನಾವು ಹೇಳುವವರೆಗೆ ಇಂಜಿನ್ ಹೆಡ್ ಬಿಚ್ಚಬಾರದೆಂದು ತಿಳಿಸು.

ಗುಂಪಿನಲ್ಲಿ ತಡವಾಗಿ ನೋಡಿದವರಿಗಾಗಿ ನಡೆದದ್ದನ್ನು ಒಮ್ಮೆ ಹೇಳಿಬಿಡುತ್ತೇನೆ. ನಮ್ಮ ಸುಹಾಸ ಮೈಸೂರಿನ ಒಬ್ಬ ಹಳೆ ಕಾರು ವ್ಯಾಪಾರಿಯಿಂದ ಆರು ವರ್ಷದ ಡೀಸೆಲ್ ಕಾರೊಂದನ್ನು 4,60,000 ರೂಪಾಯಿಗೆ ಕೊಂಡ. ಹದಿನೇಳನೆಯ ದಿನ, ಶ್ರೀರಂಗಪಟ್ಟಣ ದಾಟಿ ಮಂಡ್ಯಕ್ಕೆ ಬರುತ್ತಿದ್ದಾಗ, ಯಲಿಯೂರಿನ ಹತ್ತಿರ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿ, ಬಾನೆಟ್ಟಿನಿಂದ ಹಬೆ ಎದ್ದು ಗಾಡಿ ನಿಂತಿತು. ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ, ಹೆಡ್ ಇಳಿಸಿ ಫೇಸಿಂಗ್, ಎಂದರೆ ಅದರ ಮೈ ಸಮ ಮಾಡಿಸಬೇಕು, 55,000 ರೂಪಾಯಿ ದಾಟುತ್ತದೆ ಎಂದು ಮಂಡ್ಯದ ಮೆಕ್ಯಾನಿಕ್ ಹೇಳಿದ್ದಾರೆ. ವ್ಯಾಪಾರಿಯಾದರೋ, ಗಾಡಿ ಶೆಡ್ಡಿನಿಂದ ಹೊರಗೆ ಹೋದ ಮೇಲೆ ತನ್ನ ಜವಾಬ್ದಾರಿಯಿಲ್ಲ, ‘ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡಿದ್ದೇನೆ’ ಎಂಬ ಕಾಗದಕ್ಕೆ ನೀನೇ ಸಹಿ ಹಾಕಿದ್ದೀಯೆ ಎಂದು ಫೋನಿಟ್ಟಿದ್ದಾನೆ.

ನಾನು ವಕೀಲನಲ್ಲ. ಆದರೆ ವಿಮಾ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ವಾಹನಗಳ ಕಡತ ನೋಡಿದವನು, ಫೋಟೋ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. ನೀನು ಕಳಿಸಿದ ಎರಡನೆಯ ಫೋಟೋದಲ್ಲಿ ಆಯಿಲ್ ಕ್ಯಾಪಿನ ಒಳಮೈಗೆ ಹಾಲು ಹೆಚ್ಚಾದ ಕಾಫಿಯ ನೊರೆಯಂಥದ್ದು ಮೆತ್ತಿಕೊಂಡಿದೆ. ಕೂಲಂಟ್ ನೀರು ಇಂಜಿನ್ ಆಯಿಲಿಗೆ ಸೇರಿದಾಗ ಹಾಗಾಗುತ್ತದೆ. ಮೆಕ್ಯಾನಿಕ್ ಹೇಳಿದ್ದು ಸರಿಯೇ ಇರಬೇಕು. ಅದಕ್ಕಿಂತ ನನ್ನ ಕಣ್ಣು ನಿಂತದ್ದು ನಾಲ್ಕನೆಯ ಫೋಟೋದ ಮೇಲೆ. ಹೆಡ್ಡೂ ಬ್ಲಾಕೂ ಕೂಡುವ ಗೆರೆಯ ಉದ್ದಕ್ಕೂ ಯಾರೋ ಬೆರಳಿನಿಂದ ಬಳಿದ ಬೂದು ಬಣ್ಣದ ಸೀಲಂಟ್ (ಸೋರದಂತೆ ಬಳಿಯುವ ಅಂಟು) ಉಬ್ಬಿ ಒಣಗಿದೆ. ಕಾರ್ಖಾನೆಯ ಕೆಲಸ ಹಾಗಿರುವುದಿಲ್ಲ. ಎಂದರೆ ಈ ಇಂಜಿನ್ ಒಮ್ಮೆ ಬಿಸಿಯಾಗಿ, ಬಿಚ್ಚಿಸಿಕೊಂಡು, ತೇಪೆ ಹಾಕಿಸಿಕೊಂಡು ನಿನ್ನ ಕೈಗೆ ಬಂದಿದೆ ಎಂಬ ಅನುಮಾನಕ್ಕೆ ಬಲವಾದ ಕಾರಣವಿದೆ. ಇನ್ನೊಂದು ಕಡೆ, ವ್ಯಾಪಾರಕ್ಕೆ ಮೊದಲು ಅವನೇ ನಿನಗೆ ವಾಟ್ಸಾಪಿನಲ್ಲಿ ‘ಇಂಜಿನ್ ಯಾರೂ ಬಿಚ್ಚಿಲ್ಲ ಸಾರ್, ಗ್ಯಾರಂಟಿ’ ಎಂದು ಬರೆದಿದ್ದಾನೆ. ನಿನ್ನ ಪ್ರಕರಣವೆಲ್ಲ ನಿಂತಿರುವುದು ಆ ಒಂದು ಸಾಲು ಮತ್ತು ಈ ಒಣಗಿದ ಸೀಲಂಟಿನ ಮೇಲೆ. ಹೆಡ್ ಬಿಚ್ಚಿ, ಒರೆಸಿ, ಹೊಸ ಗ್ಯಾಸ್ಕೆಟ್ ಕೂರಿಸಿದರೆ ಗಾಡಿ ಓಡುತ್ತದೆ, ಸಾಕ್ಷಿ ಹೋಗುತ್ತದೆ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. 2016ರಲ್ಲಿ ನಾನೂ ಒಂದು ಹಳೆ ಕಾರು ಕೊಂಡು, ತಿಂಗಳೊಳಗೆ ಗೇರ್‌ಬಾಕ್ಸ್ ಕೈಕೊಟ್ಟಾಗ, ನಾಳೆ ಮದುವೆಗೆ ಹೋಗಬೇಕೆಂಬ ಅವಸರದಲ್ಲಿ ರಾತ್ರೋರಾತ್ರಿ ರಿಪೇರಿ ಮಾಡಿಸಿದೆ. ಆಮೇಲೆ ದೂರು ಕೊಟ್ಟಾಗ ಎದುರು ಪಕ್ಷದವರು ಕೇಳಿದ್ದು ಒಂದೇ ಪ್ರಶ್ನೆ: ಕೆಟ್ಟಿತ್ತು ಎನ್ನುವ ಭಾಗ ಎಲ್ಲಿದೆ? ಅದು ಗುಜರಿ ಸೇರಿ ಎರಡು ತಿಂಗಳಾಗಿತ್ತು. ದೂರು ವಜಾ ಆಯಿತು. ಅತ್ತೆ ಈಗಲೂ ಅದನ್ನು ನೆನಪಿಸುತ್ತಿರುತ್ತಾಳೆ.

30 ದಿನದೊಳಗೆ ಗಾಡಿ ಹಿಂತಿರುಗಿಸಬಹುದೆಂದು ಇಂಗ್ಲೆಂಡಿನ ಲೆಸ್ಟರಿನಿಂದ ನಮ್ಮ ರಾಗಿಣಿ ಬರೆದದ್ದು ಸುಳ್ಳಲ್ಲ, ಆದರೆ ಅದು ಅಲ್ಲಿಯ ಕಾನೂನು. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ವ್ಯಾಪಾರಿಯಿಂದ ಕೊಂಡ ಹಳೆ ಕಾರಿನಲ್ಲೂ ದೋಷವಿದ್ದರೆ 30 ದಿನದೊಳಗೆ ಗಾಡಿ ಹಿಂತಿರುಗಿಸಿ ಪೂರ್ತಿ ಹಣ ಕೇಳಬಹುದು. ಆ ಮೇಲೆ ಆರು ತಿಂಗಳವರೆಗೆ ರಿಪೇರಿ ಕೇಳಿದಾಗ, ಕಂಡ ದೋಷ ಮಾರುವಾಗಲೇ ಇತ್ತೆಂದು ಕಾನೂನು ಭಾವಿಸುತ್ತದೆ, ಇರಲಿಲ್ಲವೆಂದು ತೋರಿಸುವ ಹೊರೆ ವ್ಯಾಪಾರಿಯದು. ನಮ್ಮ ಕಾನೂನು ಹಾಗೆ ಭಾವಿಸಿಕೊಳ್ಳುವುದಿಲ್ಲ. ದೋಷ ಇತ್ತೆಂದು ತೋರಿಸಬೇಕಾದವನು ದೂರುದಾರ, ಎಂದರೆ ನೀನು. ನಾನು ಸೀಲಂಟಿನ ವಿಷಯಕ್ಕೆ ಇಷ್ಟು ಜೋತುಬಿದ್ದಿರುವುದು ಅದಕ್ಕೇ.

ಹಾಗೆಂದು ನಾವು ಬರಿಗೈಯವರೇನೂ ಅಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸರಕು ಹೊಸದೋ ಹಳೆಯದೋ ಎಂದು ಭೇದ ಮಾಡುವುದಿಲ್ಲ. ಕಲಂ 2(10) ‘ದೋಷ’ ಎಂಬುದನ್ನು ವಿವರಿಸುವಾಗ, ಕಾನೂನು ಅಥವಾ ಕರಾರಿನ ಪ್ರಕಾರ ಇರಬೇಕಾದ ಗುಣಮಟ್ಟದ ಜೊತೆಗೆ, ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟಕ್ಕಿಂತ ಸರಕು ಕಡಿಮೆಯಿದ್ದರೂ ಅದು ದೋಷವೇ ಎನ್ನುತ್ತದೆ. ಆರು ವರ್ಷದ ಗಾಡಿಯಲ್ಲಿ ಕ್ಲಚ್ ಸವೆದಿದ್ದರೆ, ಟೈರ್ ನುಣುಪಾಗಿದ್ದರೆ ಅದನ್ನು ಯಾರೂ ದೋಷವೆನ್ನುವುದಿಲ್ಲ, ನಾನೂ ಎನ್ನುವುದಿಲ್ಲ. ಬಿಚ್ಚಿದ ಇಂಜಿನ್ನನ್ನು ಬಿಚ್ಚಿಲ್ಲವೆಂದು ಹೇಳಿ ಮಾರುವುದು ಬೇರೆ ಮಾತು. ಇನ್ನು ರಾಗಿಣಿಯ 30 ದಿನಕ್ಕೆ ನಮ್ಮಲ್ಲೂ ಒಬ್ಬ ದೂರದ ದಾಯಾದಿ ಇದ್ದಾನೆ: ದೋಷವಿರುವ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನದೊಳಗೆ ಹಿಂದಕ್ಕೆ ಪಡೆದು ಹಣ ಕೊಡಲು ಒಪ್ಪದಿರುವುದನ್ನು ಕಲಂ 2(47) ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ನಿನ್ನ ಬಿಲ್ಲಿನಲ್ಲಿ ಅವಧಿಯ ಮಾತೇ ಇಲ್ಲ, ಇಂದಿಗೆ ಹತ್ತೊಂಬತ್ತು ದಿನವಾಗಿದೆ. ಆದ್ದರಿಂದ ಪತ್ರ ಈ ವಾರವೇ ಹೋಗಬೇಕು.

‘ಇದ್ದ ಹಾಗೆ’ ಎಂಬ ಕಾಗದಕ್ಕೆ ಹೆದರಬೇಡ, ಆದರೆ ಅದನ್ನು ಹಗುರವಾಗಿಯೂ ನೋಡಬೇಡ. 1930ರ ಸರಕು ಮಾರಾಟ ಕಾಯ್ದೆಯಲ್ಲಿ ಮಾರುವವನೂ ಕೊಳ್ಳುವವನೂ ಒಪ್ಪಿಕೊಂಡು ಕೆಲವು ಹೊಣೆಗಳನ್ನು ಬಿಟ್ಟುಕೊಡಲು ಅವಕಾಶವಿದೆ. ಕೊಳ್ಳುವವನು ತಾನೇ ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ಕೊರತೆಗಳ ಬಗ್ಗೆ ಆಮೇಲೆ ತಕರಾರು ಎತ್ತುವಂತಿಲ್ಲ. ನೀನು ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗದೆ ರಿಂಗ್ ರೋಡಿನಲ್ಲಿ ಹತ್ತು ನಿಮಿಷ ಓಡಿಸಿ ನೋಡಿದ್ದು ಬುದ್ಧಿವಂತಿಕೆಯಲ್ಲ, ಅದನ್ನು ಮಾವನಾಗಿ ಬೈಯುತ್ತೇನೆ. ಆದರೆ ಇಂಜಿನ್ ಕವರಿನ ಕೆಳಗಿದ್ದ ತೇಪೆ ಹತ್ತು ನಿಮಿಷದ ಓಡಾಟದಲ್ಲಿ ಕಾಣುವಂಥದ್ದಲ್ಲ. ಗೊತ್ತಿದ್ದೂ ಮುಚ್ಚಿಟ್ಟದ್ದು ಸಾಬೀತಾದರೆ ಅದು 1872ರ ಕರಾರು ಕಾಯ್ದೆಯ ಪ್ರಕಾರ ವಂಚನೆಯಾಗುತ್ತದೆ, ಒಂದು ಮುದ್ರಿತ ಸಾಲು ವಂಚನೆಗೆ ಗುರಾಣಿಯಾಗಲಾರದು.

ಪತ್ರ ಮುಟ್ಟಿದ ಮೇಲೆ ಅವನು ಹೇಳುವ ಮುಂದಿನ ಮಾತನ್ನು ಈಗಲೇ ಊಹಿಸಬಲ್ಲೆ: ‘ನಾನು ಬರೀ ಮಧ್ಯವರ್ತಿ, ಗಾಡಿ ನನ್ನದಲ್ಲ, ಹಳೆ ಓನರನ್ನು ಕೇಳಿ.’ ಇದಕ್ಕೆ ಉತ್ತರ ಸಿದ್ಧವಾಗಿರಲಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ಹಳೆ ವಾಹನಗಳ ವ್ಯಾಪಾರಿ ಆರ್‌ಟಿಓ ಕಚೇರಿಯಿಂದ ಅಧಿಕಾರಪತ್ರ ಪಡೆಯಬೇಕು, ಅದು ಐದು ವರ್ಷಕ್ಕೆ ಸಲ್ಲುತ್ತದೆ. ಮಾಲೀಕ ಗಾಡಿಯನ್ನು ವ್ಯಾಪಾರಿಗೆ ಒಪ್ಪಿಸಿದಾಗ ನಮೂನೆ 29ಸಿ ಮೂಲಕ ಅದನ್ನು ತಿಳಿಸಬೇಕು, ಅಲ್ಲಿಂದ ಮುಂದೆ ವ್ಯಾಪಾರಿಯೇ ಮಾಲೀಕನೆಂದು ಪರಿಗಣಿತನಾಗುತ್ತಾನೆ. ಪತ್ರದಲ್ಲಿ ಆ ಅಧಿಕಾರಪತ್ರದ ಪ್ರತಿಯನ್ನೂ 29ಸಿಯ ಪ್ರತಿಯನ್ನೂ ಕೇಳು. ಕೊಟ್ಟರೆ ಅವನು ಮಧ್ಯವರ್ತಿಯಲ್ಲವೆಂದಾಯಿತು. ಕೊಡದಿದ್ದರೆ ನಿಯಮ ಪಾಲಿಸದೆ ವ್ಯಾಪಾರ ಮಾಡುತ್ತಿರುವುದು ಏಕೆಂದು ಅವನೇ ವಿವರಿಸಬೇಕಾಗುತ್ತದೆ. ಬ್ಯಾಂಕಿನಿಂದ ಕಳಿಸಿದ 4,00,000 ರೂಪಾಯಿ ಅವನ ಅಂಗಡಿಯ ಖಾತೆಗೇ ಹೋಗಿರುವುದು ಒಳ್ಳೆಯದಾಯಿತು. ನಗದಾಗಿ ಕೊಟ್ಟ 60,000ಕ್ಕೆ ಅವನ ವಿಸಿಟಿಂಗ್ ಕಾರ್ಡಿನ ಹಿಂದೆ ಗೀಚಿಕೊಟ್ಟದ್ದನ್ನು ಬಿಟ್ಟರೆ ಬೇರೆ ದಾಖಲೆಯಿಲ್ಲ ಎಂದೆಯಲ್ಲ, ಆ ಕಾರ್ಡನ್ನು ಹುಡುಕಿ ತೆಗೆದಿಡು.

ಈಗ ಮಾಡಬೇಕಾದದ್ದು ಹೀಗೆ. ಗಾಡಿಯನ್ನು ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಟೋ ಮಾಡಿಸು, ಓಡಿಸಿಕೊಂಡು ಹೋಗಬೇಡ. ಬಿಸಿಯಾದ ಇಂಜಿನ್ನನ್ನು ಮತ್ತೆ ಓಡಿಸಿದರೆ ಹೆಡ್ ಬಾಗುತ್ತದೆ, ಕೆಡಿಸಿದ್ದು ನೀನೇ ಎಂದು ಹೇಳಲು ಅವನಿಗೆ ದಾರಿಯಾಗುತ್ತದೆ. ಅಲ್ಲಿ ಜಾಬ್ ಕಾರ್ಡ್ ಮಾಡಿಸಿ, ಬಿಚ್ಚದೆ ಕಾಣುವಷ್ಟನ್ನು ಲಿಖಿತ ವರದಿಯಾಗಿ ಕೇಳು. ಗಾಡಿಯ ಹಳೆಯ ಸರ್ವಿಸ್ ದಾಖಲೆಯನ್ನೂ ಕೇಳಿ ನೋಡು. ಯಾವ ದಿನ ಎಷ್ಟು ಕಿಲೋಮೀಟರ್ ಓಡಿತ್ತು ಎಂಬುದು ಅದರಲ್ಲಿರುತ್ತದೆ, ಮೀಟರ್ ತಿರುಗಿಸಿದ್ದರೆ ಅದೂ ಹೊರಬೀಳುತ್ತದೆ. ಆಮೇಲೆ ವ್ಯಾಪಾರಿಗೆ ಪತ್ರ: ಇಂಥ ದಿನ ಇಂಥ ದೋಷ ಕಂಡಿದೆ, ಏಳು ದಿನದೊಳಗೆ ನಿಮ್ಮ ಮೆಕ್ಯಾನಿಕ್ ಬಂದು ನೋಡಬಹುದು, ಗಾಡಿ ಹಿಂದಕ್ಕೆ ಪಡೆದು ಹಣ ಕೊಡಿ ಅಥವಾ ನಿಮ್ಮ ಖರ್ಚಿನಲ್ಲಿ ರಿಪೇರಿ ಮಾಡಿಸಿ, ಎಂದು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೋ, ಪ್ರತಿಯನ್ನು ವಾಟ್ಸಾಪಿನಲ್ಲೂ ಹಾಕು. ಆ ಸಂಭಾಷಣೆಯಿರುವ ಫೋನನ್ನು ಸದ್ಯಕ್ಕೆ ಬದಲಾಯಿಸಬೇಡ.

ಉತ್ತರ ಬಾರದಿದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸು. ಅವರು ಆದೇಶ ಮಾಡಲಾರರು, ಆದರೂ ಕೆಲವು ವ್ಯಾಪಾರಿಗಳು ಅಷ್ಟಕ್ಕೇ ಮೆತ್ತಗಾಗುತ್ತಾರೆ. ಅಲ್ಲಿಂದ ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. ಮೈಸೂರಿಗೆ ಅಲೆಯಬೇಕಲ್ಲ ಎಂದು ಅಕ್ಕ ಕೇಳಿದಳು: ಬೇಕಿಲ್ಲ, ಈಗಿನ ಕಾಯ್ದೆಯಲ್ಲಿ ದೂರುದಾರ ವಾಸವಿರುವ ಜಿಲ್ಲೆಯಲ್ಲೇ, ಎಂದರೆ ಮಂಡ್ಯದಲ್ಲೇ ದೂರು ಕೊಡಬಹುದು, ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿರುವುದರಿಂದ ಶುಲ್ಕವಿಲ್ಲ, ವಕೀಲರೇ ಬೇಕೆಂಬ ಕಡ್ಡಾಯವೂ ಇಲ್ಲ. ಎರಡು ವರ್ಷದೊಳಗೆ ಕೊಟ್ಟರಾಯಿತು. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ನೀನು ಒಂದೂವರೆ ವರ್ಷವೆಂದು ಲೆಕ್ಕ ಹಾಕಿಕೋ. ನೀನು ಪಾಂಡವಪುರದ ಆಲೆಮನೆಗಳಿಂದ ಬೆಲ್ಲ ತಂದು ಅಂಗಡಿಗಳಿಗೆ ಹಾಕುವುದಕ್ಕೆ ಈ ಕಾರು ಬಳಸುತ್ತೀಯೆ, ಆದ್ದರಿಂದ ನೀನು ಗ್ರಾಹಕನೇ ಅಲ್ಲ ಎಂದು ಅವರು ವಾದಿಸಿಯಾರು. ಸ್ವಂತ ದುಡಿಮೆಯಿಂದ ಜೀವನ ನಡೆಸುವುದಕ್ಕಷ್ಟೇ ಬಳಸುವುದು ವಾಣಿಜ್ಯ ಉದ್ದೇಶವಲ್ಲವೆಂದು ಕಾಯ್ದೆಯೇ ಹೇಳಿದೆ, ಅದನ್ನು ದೂರಿನಲ್ಲೇ ಬರೆದುಬಿಡೋಣ.

ವಿಮೆಯಲ್ಲಿ ಕ್ಲೇಮ್ ಮಾಡಬಹುದಲ್ಲ ಎಂದ ಭಾವನವರಿಗೆ: ಯಾಂತ್ರಿಕ ವೈಫಲ್ಯವನ್ನು ಸಾಮಾನ್ಯ ವಾಹನ ವಿಮೆ ಭರಿಸುವುದಿಲ್ಲ. ಆದರೆ ಸುಹಾಸ, ಪಾಲಿಸಿ ನಿನ್ನ ಹೆಸರಿಗೆ ಆಗಿದೆಯೇ ನೋಡು. ಅದಕ್ಕೆ ಅರ್ಜಿ ಕೊಡಲು 14 ದಿನ ಮಾತ್ರ ಇರುವುದು, ಅದು ಆಗಲೇ ದಾಟಿದೆ. ಆರ್‌ಸಿ ವರ್ಗಾವಣೆಗೆ ಕೊಳ್ಳುವವನಿಗಿರುವ 30 ದಿನದ ಗಡುವೂ ಹತ್ತಿರವಾಗುತ್ತಿದೆ. ಪಕ್ಕದ ಮನೆಯವರ ಸ್ಕೂಟರ್ ಕೊಳ್ಳಲು ಹೊರಟಿರುವ ಪದ್ಮಳಿಗೂ ಒಂದು ಮಾತು: ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡದ್ದಕ್ಕೆ ಗ್ರಾಹಕ ಆಯೋಗದ ಬಾಗಿಲು ತೆರೆಯುವುದಿಲ್ಲ, ಸಿವಿಲ್ ಕೋರ್ಟೇ ಗತಿ. ಮೆಕ್ಯಾನಿಕ್‌ಗೆ ತೋರಿಸಿಯೇ ತೆಗೆದುಕೋ.

ಶನಿವಾರ ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಮಂಡ್ಯಕ್ಕೆ ಬರುತ್ತೇನೆ. ಅಷ್ಟರೊಳಗೆ ಬಿಲ್ಲು, ಸಹಿ ಹಾಕಿದ ಕಾಗದ, ಬ್ಯಾಂಕ್ ಪಟ್ಟಿ ಮತ್ತು ಆ ವಿಸಿಟಿಂಗ್ ಕಾರ್ಡ್ ಒಂದು ಕವರಿನಲ್ಲಿ ಹಾಕಿಟ್ಟಿರು. ಪತ್ರವನ್ನು ಅಲ್ಲೇ ಕುಳಿತು ಬರೆಯೋಣ. ಗ್ಯಾರೇಜಿಗೆ ಫೋನ್ ಮಾಡಿದೆಯಾ, ಇಲ್ಲವಾ ಎಂಬುದನ್ನು ಮಾತ್ರ ಈಗ ತಿಳಿಸು.