ಭಾನುವಾರದ ಪ್ರಶ್ನೋತ್ತರ: ನಿದ್ದೆ, ಊಟ, ನಡಿಗೆ, ಮನಸ್ಸು – ಡಾಕ್ಟರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 6ರಿಂದ 8ರವರೆಗೆ ನಮ್ಮ ಬಡಾವಣೆಯ ಫಿಸಿಷಿಯನ್ ಡಾಕ್ಟರು ದಿನಚರಿ, ಆರೋಗ್ಯದ ಬಗ್ಗೆ ಉತ್ತರ ಕೊಡ್ತಾರೆ. ರಿಪೋರ್ಟ್ ಫೋಟೋ ಹಾಕಬೇಡಿ. ಫಾರ್ವರ್ಡ್ ಖಂಡಿತ ಬೇಡ.

ವಾಕಿಂಗ್ ಬಳಗ: ಸರ್ ನಮಸ್ತೆ. ದಿನಾ 10,000 ಹೆಜ್ಜೆ ಆಗಲೇಬೇಕಾ? ನನಗೆ 58. ಆರು ಸಾವಿರಕ್ಕೇ ಮಂಡಿ ಹಿಡ್ಕೊಳ್ಳತ್ತೆ.

ಡಾಕ್ಟರ್: ನಮಸ್ತೆ. ಬೇಕಿಲ್ಲ. ಆ ಲೆಕ್ಕ 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಇಟ್ಟ ಹೆಸರಿನಿಂದ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ, ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರದು, ಅಷ್ಟು ಬಿರುಸಾಗಿ. ಜೊತೆಗೆ ತೊಡೆಗೂ ಕೆಲಸ ಕೊಡಿ, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ತೊಡೆ ಗಟ್ಟಿಯಾದ್ರೆ ಮಂಡಿ ಮೇಲಿನ ಭಾರ ಇಳಿಯತ್ತೆ.

ಮಲ್ಲಿಗೆ ಬಳ್ಳಿ: ಡಾಕ್ಟ್ರೇ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು, ನಿಂಬೆ, ಜೇನು ಕುಡಿದ್ರೆ ತೂಕ ಇಳಿಯತ್ತಂತೆ?

ಡಾಕ್ಟರ್: ಇಳಿಯಲ್ಲ. ಬಾಯಿಗೆ ರುಚಿ ಅಂದ್ರೆ ಕುಡೀರಿ. ಶುಗರ್ ಇರೋರಿಗೆ ಜೇನೂ ಸಕ್ಕರೆಯೇ.

ಪಾಳಿ ಕೆಲಸ: ಸರ್, ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್. ಬೆಳಿಗ್ಗೆ 7ಕ್ಕೆ ಮನೆಗೆ ಬಂದ್ರೂ 11ರ ತನಕ ನಿದ್ದೆ ಹತ್ತಲ್ಲ. ಪಾಳಿಯಲ್ಲಿ ನಾಲ್ಕೈದು ಕಾಫಿ ಆಗತ್ತೆ.

ಡಾಕ್ಟರ್: ಕಾಫಿ ಕುಡಿದು ಐದಾರು ಗಂಟೆ ಆದ್ರೂ ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರತ್ತೆ. ರಾತ್ರಿ 1ರ ಮೇಲೆ ಬೇಡ. ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿ, ಬೆಳಗಿನ ಬಿಸಿಲು ಕಣ್ಣಿಗೆ ಬಿದ್ರೆ ಮಿದುಳು ಹಗಲಾಯ್ತು ಅಂದ್ಕೊಳ್ಳತ್ತೆ. ಆದ್ರೆ ಗಾಡಿ ಓಡಿಸ್ತಾ ತೂಕಡಿಕೆ ಬರೋ ಹಾಗಿದ್ರೆ ಕನ್ನಡಕನೂ ಬೇಡ, ಗಾಡಿನೂ ಬೇಡ, ಬಸ್ಸಲ್ಲಿ ಬನ್ನಿ. ಮಲಗೋ ಕೋಣೆ ಕತ್ತಲಿರಲಿ.

ಕಿಟಕಿ ಸೀಟು: ಸರ್, ಮಗನಿಗೆ 13. ರಾತ್ರಿ ಊಟಕ್ಕೂ ಮೊಬೈಲ್ ಬಿಡಲ್ಲ. ಕಿತ್ಕೊಂಡ್ರೆ ಬಾಗಿಲು ಒದೀತಾನೆ. ಏನು ಮಾಡೋದು?

ಮಂಡ್ಯ ಮಾದರಿ: ಬಿಪಿಗೆ ಸೈಂಧವ ಲವಣ ಶುರು ಮಾಡಿದೀವಿ ಸರ್, ಮನೇಲಿ ಎಲ್ರಿಗೂ. ಒಳ್ಳೇದಲ್ವಾ?

ಡಾಕ್ಟರ್: ಅದೂ ಉಪ್ಪೇ, ಅದರಲ್ಲಿರೋದೂ ಹೆಚ್ಚಾಗಿ ಸೋಡಿಯಂ ಕ್ಲೋರೈಡೇ. ಮೇಲಾಗಿ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರಲ್ಲ. ಎಲ್ಲಾ ಸೇರಿ ದಿನಕ್ಕೆ 5 ಗ್ರಾಂ, ಅಂದ್ರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲಿರೋದೂ ಲೆಕ್ಕಕ್ಕೆ. 'ಲೋ ಸೋಡಿಯಂ' ಉಪ್ಪು ಕಿಡ್ನಿ ತೊಂದ್ರೆ ಇರೋರು ಕೇಳದೆ ತಗೋಬಾರದು, ಅದರಲ್ಲಿ ಪೊಟ್ಯಾಸಿಯಂ ಇರತ್ತೆ.

ಮಂಡ್ಯ ಮಾದರಿ: ಮುದ್ದೆ ತಿನ್ನೋರಿಗೆ ಶುಗರ್ ಬರಲ್ಲ ಅನ್ನೋದಾದ್ರೂ ನಿಜಾನಾ?

ಹುಬ್ಬಳ್ಳಿ ಮಂದಿ: ಮುದ್ದಿ ನುಂಗಿದ್ರ ಏನ್ ಬಂತ್ರೀ, ಅಗಿಯಾಕ ಕೆಲಸಾನ ಇಲ್ಲ. ಜ್ವಾಳದ ರೊಟ್ಟಿ ತಿನ್ರಿ, ಹಲ್ಲೂ ಗಟ್ಟಿ ಇರ್ತಾವ.

ಮಂಡ್ಯ ಮಾದರಿ: ನಮ್ಮಜ್ಜ 90 ವರ್ಷ ಬದುಕಿದ್ದು ಮುದ್ದೆ ಬಸ್ಸಾರಲ್ಲೇ ಗುರೂ. ರೊಟ್ಟಿ ಬಡಿಯೋ ಸದ್ದಿಗೇ ಬಿಪಿ ಏರತ್ತೆ.

ಹುಬ್ಬಳ್ಳಿ ಮಂದಿ: ನಿಮ್ಮಜ್ಜ ಹೊಲದಾಗ ದುಡಿತಿದ್ರು. ನೀವು ಸೋಫಾದಾಗ ಕುಂತು ಎರಡು ಮುದ್ದಿ ಹೊಡಿತೀರಿ.

ಡಾಕ್ಟರ್: 100 ಗ್ರಾಂ ರಾಗಿ ಹಿಟ್ಟಿನಲ್ಲಿ 70 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್. ಜೋಳದ್ದೂ ಸುಮಾರು ಅಷ್ಟೇ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಅದು ನಿಜ. ಮುದ್ದೆ ಸಣ್ಣದಾಗಲಿ, ಸೊಪ್ಪು ಕಾಳು ದೊಡ್ಡದಾಗಲಿ. ಮುಂದಿನ ಪ್ರಶ್ನೆ.

ತೆಂಗಿನ ತೋಟ: ಶುಗರಿಗೆ ಬೆಂಡೆಕಾಯಿ ನೆನೆಸಿದ ನೀರು? ಸೋರೆಕಾಯಿ ರಸ ಹೃದಯಕ್ಕಂತೆ? ಕೆಳಗೆ ವಿಡಿಯೋ ಹಾಕಿದೀನಿ ನೋಡಿ ಸರ್, ಮೂರು ನಿಮಿಷದ್ದು.

ಡಾಕ್ಟರ್: ನೋಡಲ್ಲ. ಬೆಂಡೆಕಾಯಿ ಪಲ್ಯ ಮಾಡಿ ತಿನ್ನಿ, ಮಾತ್ರೆ ನಿಲ್ಲಿಸಬೇಡಿ. ಹಸಿ ಸೋರೆಕಾಯಿ ರಸ ಕುಡೀಲೇಬೇಡಿ. ಕೆಲವು ಕಾಯಿ ಕಹಿ ಇರತ್ತೆ, ಆ ಕಹಿಯೇ ವಿಷ. ವಾಂತಿ, ರಕ್ತಭೇದಿ, ಬಿಪಿ ಕುಸಿತ ಆಗಿ ಐಸಿಯುಗೆ ಬರ್ತಾರೆ, ಸತ್ತವರೂ ಇದ್ದಾರೆ. 'ಕಹಿ ಇದ್ರೇನೇ ಔಷಧಿ' ಅಂತ ಮೂಗು ಮುಚ್ಕೊಂಡು ಕುಡಿಯೋರಿಗೇ ಅಪಾಯ ಜಾಸ್ತಿ. ಸಾಂಬಾರಿಗೆ ಹೆಚ್ಚೋ ಮೊದಲೂ ಒಂದು ಚೂರು ನಾಲಿಗೆಗಿಟ್ಟು ನೋಡಿ.

ಎರಡನೇ ಮಹಡಿ: ಸರ್, ಹೆಸರು ಬೇಡ. ನಮ್ಮ ಮಾವನವರಿಗೆ 67. ಅತ್ತೆ ತೀರಿಕೊಂಡು ವರ್ಷವಾಗಿಲ್ಲ. ರಾತ್ರಿ 3ಕ್ಕೆ ಎದ್ದು ಜಗಲೀಲಿ ಕೂತಿರ್ತಾರೆ. ಪೇಪರನ್ನ ಕೊನೇ ಪುಟದ ತನಕ ಓದ್ತಿದ್ದೋರು, ಈಗ ರಬ್ಬರ್ ಬ್ಯಾಂಡೂ ಬಿಚ್ಚಲ್ಲ. ಬೆಲ್ಟಿಗೆ ಹೊಸದಾಗಿ ಎರಡು ತೂತು ಮಾಡ್ಕೊಂಡಿದಾರೆ, ಅಷ್ಟು ಇಳಿದಿದಾರೆ. ಮೊನ್ನೆ ನನ್ನನ್ನ ಕರೆದು ಪಾಸ್‌ಬುಕ್, ಎಲ್‌ಐಸಿ ಬಾಂಡು ಎಲ್ಲೆಲ್ಲಿದೆ ಅಂತ ತೋರಿಸಿದ್ರು. ಮೆಡಿಕಲ್ಲಿಂದ ನಿದ್ದೆ ಮಾತ್ರೆ ಜಾಸ್ತಿ ತಂದಿಡು ಅಂತಾರೆ. ನಿದ್ದೆ ಬರೋ ಹಾಗೆ ಏನಾದ್ರೂ ಅಭ್ಯಾಸ ಹೇಳಿ. ವಾಕಿಂಗ್ ಕಳಿಸೋದು ಹೇಗೆ?

ನಿವೃತ್ತ ಮೇಷ್ಟ್ರು: ಹಾಲಿಗೆ ಅಶ್ವಗಂಧ ಚೂರ್ಣ ಹಾಕಿ ಕೊಡಮ್ಮ. ಒಂದು ಸಲ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗಿ ಬನ್ನಿ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ.

ಡಾಕ್ಟರ್: ಮೇಷ್ಟ್ರೇ, ಸ್ವಲ್ಪ ತಡೀರಿ. ಅಮ್ಮಾ, ವಾಕಿಂಗ್ ಮಾತು ಆಮೇಲೆ. ಮಾತ್ರೆ ತಂದಿಡಬೇಡಿ. ಮನೇಲಿರೋ ಎಲ್ಲ ಮಾತ್ರೆ, ಇಲಿ ಪಾಷಾಣ, ಗಿಡಕ್ಕೆ ಹೊಡೆಯೋ ಔಷಧಿ ಇವತ್ತೇ ಬೀಗದೊಳಗೆ ಹೋಗಲಿ, ಕೀ ನಿಮ್ಮ ಹತ್ತಿರ ಇರಲಿ. ಇವತ್ತು ರಾತ್ರಿ ಅವರೊಬ್ಬರೇ ಮಲಗೋದು ಬೇಡ.

ನೀವು ಹೇಳಿದ್ದು ಬರೀ ನಿದ್ದೆಗೇಡಲ್ಲ. ನಸುಕಿಗೂ ಮುಂಚೆ ಎಚ್ಚರ, ತೂಕ ಇಳಿಯೋದು, ಇಷ್ಟದ್ದು ಬೇಡವಾಗೋದು, ಕಾಗದ ಪತ್ರ ಒಪ್ಪಿಸೋದು – ಇವು ಒಟ್ಟಿಗೆ ಬಂದ್ರೆ ನಾನು ಖಿನ್ನತೆ ಅಂತಲೇ ಹಿಡೀತೀನಿ, ಅದೂ ಜೋರಿನದು. ಹೆಂಡತಿ ಹೋದ ದುಃಖ ಇದ್ದೇ ಇರತ್ತೆ. ಆದ್ರೆ ದುಃಖದಲ್ಲಿರೋರೂ ಮೊಮ್ಮಗು ಬಂದ್ರೆ ಅರೆಗಳಿಗೆ ನಗ್ತಾರೆ. ಇವರು ನಗ್ತಿದಾರಾ, ಗಮನಿಸಿ.

ನಿಮ್ಮ ಯಜಮಾನ್ರು ಇವತ್ತೇ ಪಕ್ಕದಲ್ಲಿ ಕೂತು ನೇರವಾಗಿ ಕೇಳಲಿ: 'ಅಪ್ಪಾ, ಬದುಕು ಬೇಡ ಅನ್ನಿಸ್ತಿದೆಯಾ? ಜೀವ ಕಳ್ಕೊಳ್ಳೋ ಯೋಚನೆ ಬರ್ತಿದೆಯಾ?' ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗಲ್ಲ. ಹೆಚ್ಚಿನೋರಿಗೆ ಯಾರಾದ್ರೂ ಕೇಳಿದ್ರಲ್ಲ ಅಂತ ಹಗುರಾಗತ್ತೆ. ಹೌದು ಅಂದ್ರೆ ಬೈಬೇಡಿ, 'ನಮ್ಮ ಮುಖ ನೋಡಿ' ಅಂತ ಅಳಬೇಡಿ, ಬಿಟ್ಟು ಕದಲಬೇಡಿ, ರಾತ್ರಿಯೇ ಆಸ್ಪತ್ರೆಗೆ. ಇಲ್ಲ ಅಂದ್ರೂ ನಾಳೆ ಮನೋವೈದ್ಯರ ಹತ್ತಿರ ಹೋಗಲೇಬೇಕು. ಥೈರಾಯ್ಡ್, ಬಿ12, ಶುಗರ್, ಸೋಡಿಯಂ ಪರೀಕ್ಷೆ ಆಗಲಿ, ಈ ವಯಸ್ಸಲ್ಲಿ ಅವೂ ಹೀಗೆ ಆಡಿಸ್ತವೆ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು. ಚಟ ಹಿಡಿಸೋದಲ್ಲ, ಆದ್ರೆ ಹೇಳದೆ ನಿಲ್ಲಿಸೋ ಹಾಗಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲೂ ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.

ಬೆಳಗಿನ ಬಿಸಿಲು, ಜೊತೆಗೊಬ್ಬರಿದ್ದು ಹಾಲು ತರೋಕೆ ಹೋಗೋದು, ದಿನಾ ಒಂದೇ ಹೊತ್ತಿಗೆ ಏಳೋದು ಎಲ್ಲಾ ಒಳ್ಳೇದೇ, ಚಿಕಿತ್ಸೆಯ ಜೊತೆಗೆ, ಅದರ ಬದಲಿಗಲ್ಲ. ನನಗೀಗಲೇ ಫೋನ್ ಮಾಡಿ. ನಂಬರ್ ಅಡ್ಮಿನ್ ಕೊಡ್ತಾರೆ.

ಜಾಣ ಜಾಣೆ: ಮನೋವೈದ್ಯರು ಅಂದ್ರೆ ಹುಚ್ಚರ ಡಾಕ್ಟ್ರಾ? ಪಾಪ, ಊಟ ತಿಂಡಿ ಸರಿಯಾಗಿ ನೋಡ್ಕೊಂಡ್ರೆ ಹಿರಿಯರು ಯಾಕೆ ಹೀಗಾಗ್ತಾರೆ. ಈಗಿನ ಸೊಸೆಯರಿಗೆ ಪುರುಸೊತ್ತೆಲ್ಲಿ.

ಮಲ್ಲಿಗೆ ಬಳ್ಳಿ: ರೀ, ಮಾತು ನೋಡಿ ಆಡಿ. ಕೇಳ್ತಿರೋದು ಸೊಸೆ. ಮಗ ಎಲ್ಲಿ ಅಂತ ಯಾಕೆ ಕೇಳಲ್ಲ ನೀವು?

ಜಾಣ ಜಾಣೆ: ಸಾಮಾನ್ಯವಾಗಿ ಹೇಳಿದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡಿ.

ಮಲ್ಲಿಗೆ ಬಳ್ಳಿ: ನಿಮ್ಮತ್ತೆ ಯಾವ ಮಗಳ ಮನೇಲಿದಾರೆ ಅಂತ ಎಲ್ರಿಗೂ ಗೊತ್ತು ಬಿಡಿ.

ಅಡ್ಮಿನ್: ದಯವಿಟ್ಟು ವೈಯಕ್ತಿಕ ಬೇಡ.

ನಿವೃತ್ತ ಮೇಷ್ಟ್ರು: ನಾನೇನು ತಪ್ಪು ಹೇಳಿದೆ? ಅಶ್ವಗಂಧ ನಮ್ಮ ಹಿರಿಯರದ್ದು. ಇಂಗ್ಲಿಷ್ ಡಾಕ್ಟರಿಗೆ ಆಯುರ್ವೇದ ಅಂದ್ರೆ ಆಗಲ್ಲ.

ಡಾಕ್ಟರ್: ಆಯುರ್ವೇದ ವೈದ್ಯರು ನಾಡಿ ಹಿಡಿದು ನೋಡಿ ಕೊಡ್ತಾರೆ, ಮೇಷ್ಟ್ರೇ. ನೀವು ಮುಖವನ್ನೂ ನೋಡಿಲ್ಲ. ಅಶ್ವಗಂಧದಿಂದ ಲಿವರ್ ಕೆಟ್ಟ ಪ್ರಕರಣಗಳಿವೆ, ಥೈರಾಯ್ಡ್ ಏರುಪೇರಾಗತ್ತೆ, ನಿದ್ದೆ ಮಾತ್ರೆ ಜೊತೆ ಸೇರಿದ್ರೆ ಮಂಪರು ಜಾಸ್ತಿ. ಹುಚ್ಚು ಅಂತ ಬರೆದೋರಿಗೆ ಉತ್ತರ ಕೊಡೋ ತಾಳ್ಮೆ ನನಗಿಲ್ಲ.

ತೆಂಗಿನ ತೋಟ: ಸರ್, ನಿಂಬೆ ನೀರಿಗೆ ಜೇನಿನ ಬದಲು ಬೆಲ್ಲ ಹಾಕಬಹುದಾ?

ಡಾಕ್ಟರ್: ಮೇಲೆ ಓದಿ.

ವಾಕಿಂಗ್ ಬಳಗ: ದಿನಕ್ಕೆ ಐದು ಲೀಟರ್ ನೀರು ಕುಡಿದ್ರೆ ವಿಷ ಎಲ್ಲಾ ಹೊರಗೆ ಹೋಗತ್ತಂತೆ ಸರ್?

ಡಾಕ್ಟರ್: ಅದಕ್ಕೇ ಕಿಡ್ನಿ ಇರೋದು. ಬಾಯಾರಿದಾಗ ಕುಡೀರಿ. ಬಿಪಿಗೆ ಮೂತ್ರ ಹೋಗೋ ಮಾತ್ರೆ ತಗೊಳ್ಳೋ ವಯಸ್ಸಾದೋರು ಹಾಗೆ ಸುರ್ಕೊಂಡ್ರೆ ಸೋಡಿಯಂ ಕುಸಿದು ಗೊಂದಲ, ಫಿಟ್ಸ್ ಬರತ್ತೆ. ಇದು ಐದು ಲೀಟರಿನ ಎಷ್ಟನೇ ಫಾರ್ವರ್ಡೋ, ಅಡ್ಮಿನ್ ನೋಡ್ಕೊಳ್ಳಿ.

ಎರಡನೇ ಮಹಡಿ: ಸರ್, ನಮ್ಮನೆಯವರು ಕೇಳಿದ್ರು. ತುಂಬ ಹೊತ್ತು ಸುಮ್ಮನಿದ್ದು 'ಒಂದೆರಡು ಸಲ ಅನ್ನಿಸಿದ್ದು ಹೌದು' ಅಂದ್ರು. ಮಾತ್ರೆ ಬೀಗ ಹಾಕಿದೀವಿ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರಂತೆ, ಅಲ್ಲಿಗೆ ಹೋಗೋಣ ಅಂತಿದಾರೆ.

ಡಾಕ್ಟರ್: ಮಂಗಳವಾರ ಬೇಡಮ್ಮ. ಈಗಲೇ ಜಿಲ್ಲಾಸ್ಪತ್ರೆ ತುರ್ತು ವಿಭಾಗಕ್ಕೆ. ನಾನು ಅಲ್ಲಿಗೆ ಫೋನ್ ಮಾಡ್ತೀನಿ. ತಗೊಳ್ಳೋ ಮಾತ್ರೆಗಳ ಚೀಟಿ ಜೊತೆಗಿರಲಿ, ಕಾರಲ್ಲಿ ಮಗ ಹಿಂದಿನ ಸೀಟಲ್ಲಿ ಅವರ ಪಕ್ಕ ಕೂರಲಿ.

ಹುಬ್ಬಳ್ಳಿ ಮಂದಿ: ಗಾಡಿ ಬೇಕಾದ್ರ ನಾ ಕೆಳಗ ತರ್ತೀನಿ ಅಕ್ಕಾರ. ಐದು ನಿಮಿಷ.

ಅಡ್ಮಿನ್: ಡಾಕ್ಟರು ಹೊರಟರು. ಉಳಿದ ಪ್ರಶ್ನೆ ಮುಂದಿನ ಭಾನುವಾರ. ವಿಡಿಯೋ ಡಿಲೀಟ್ ಮಾಡಿದ್ದೇನೆ.

ಕಿಟಕಿ ಸೀಟು: ಮಗನ ಮೊಬೈಲ್ ವಿಷಯ ಕೇಳಿದ್ದೆ, ಯಾರೂ ನೋಡೇ ಇಲ್ಲ.