ಅಪ್‌ಡೇಟ್: ಖಾಲಿ ಹಾಳೆ ಕೊಟ್ಟ ಮೇಲೆ ಜನ ಮಾತಾಡಿದರು

ಹತ್ತು ದಿನದ ಹಿಂದೆ ಕೇಳಿದ್ದೆ, ನೆನಪಿದೆ ಅಲ್ವಾ? ನಗರ ಸಮಾಜಶಾಸ್ತ್ರದ ಪ್ರಬಂಧಕ್ಕಾಗಿ ಒಂದು ಬಡಾವಣೆಯ ಬದಲಾವಣೆ ನೋಡುತ್ತಿದ್ದೇನೆ, ಆದರೆ ಸಂದರ್ಶನದಲ್ಲಿ ಎಲ್ಲರೂ "ಮೊದಲಿನ ಹಾಗಿಲ್ಲ ಬಿಡಿ" ಅಂತ ಮಾತು ಮುಗಿಸುತ್ತಾರೆ, ಮಾತಾಡಿಸುವುದು ಹೇಗೆ ಅಂತ.

ಆನ್‌ಲೈನ್ ಸರ್ವೆ ಸೋತಿತು. ತುಂಬಿದವರೆಲ್ಲ ನನ್ನ ವಯಸ್ಸಿನವರೇ. ಸಮಾಜಶಾಸ್ತ್ರಜ್ಞ ಬರ್ಜೆಸ್ 1925ರಲ್ಲಿ ಶಿಕಾಗೋ ನೋಡಿ ಮಾಡಿದ ವೃತ್ತಗಳ ಮಾದರಿಯೂ (ನಗರ ನಡುವಿನಿಂದ ಹೊರಕ್ಕೆ ವೃತ್ತ ವೃತ್ತವಾಗಿ ಬೆಳೆಯುತ್ತದೆ ಅನ್ನುವುದು) ಕೈಕೊಟ್ಟಿತು. ಅದು ಇಡೀ ನಗರದ ಲೆಕ್ಕ, ನನ್ನದು ನಾಲ್ಕು ಬೀದಿ!

ಗೆದ್ದದ್ದು "ಖಾಲಿ ಹಾಳೆ ಕೊಟ್ಟು ಬಡಾವಣೆಯ ನಕ್ಷೆ ಬಿಡಿಸಲು ಹೇಳಿ" ಅನ್ನುವ ನಿಮ್ಮ ಸಲಹೆ. ಜನ ನಗರವನ್ನು ಮನಸ್ಸಿನಲ್ಲಿ ಹೇಗೆ ಕಾಣುತ್ತಾರೆ ಅಂತ ನೋಡಿದ ನಗರ ಯೋಜಕ ಕೆವಿನ್ ಲಿಂಚ್ 1960ರಲ್ಲಿ ಹೇಳಿದ ದಾರಿ, ಅಂಚು, ವಲಯ, ಕೂಡುವ ಜಾಗ, ಗುರುತು ಇವನ್ನೇ ಹಿಡಿದು ನಕ್ಷೆಗಳನ್ನು ಹೋಲಿಸಿದೆ. ಹಳಬರು ಈಗ ಇಲ್ಲದ ಅಂಗಡಿಗಳನ್ನೂ ಬಿಡಿಸಿದರು. ಹೊಸ ಬಾಡಿಗೆದಾರರ ಹಾಳೆಯಲ್ಲಿ ಮನೆ, ಬಸ್ ಸ್ಟಾಪ್, ಮಧ್ಯೆ ಒಂದು ಗೆರೆ, ಅಷ್ಟೇ. ಪೆನ್ನು ಓಡುತ್ತಿದ್ದ ಹಾಗೆ ಬಾಯಿಯೂ ತೆರೆಯಿತು. ಒಬ್ಬರಂತೂ ಒಂದೂವರೆ ಗಂಟೆ ಬಿಡಲಿಲ್ಲ. (ನಕ್ಷೆಯೂ ಡೇಟಾನೇ. ಅದಕ್ಕೂ ಒಪ್ಪಿಗೆ ಪತ್ರ ಬೇಕು. ನಾನು ಎರಡು ಸಲ ಅಲೆದೆ.)

ಒಂದು ವಿಷಯ ಮಾತ್ರ ಹೊಳೆದೇ ಇರಲಿಲ್ಲ. ಜೆಂಟ್ರಿಫಿಕೇಶನ್ (ಉಳ್ಳವರು ಬಂದು ನೆಲೆಸಿ, ಬಡವರಾದ ಹಳಬರು ಜಾಗ ಬಿಡಬೇಕಾಗುವುದು) ಅನ್ನುವ ಪದವನ್ನು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಲಂಡನ್ ಬಗ್ಗೆ ಬರೆಯುತ್ತಾ ಬಳಸಿದ್ದರು. ನಾನು ಅದನ್ನು ಸುಮ್ನೆ ಶೀರ್ಷಿಕೆಯಲ್ಲಿ ಹಾಕಿಕೊಂಡಿದ್ದೆ. "ಬಿಟ್ಟು ಹೋದವರು ನಿನ್ನ ಪಟ್ಟಿಯಲ್ಲಿ ಎಲ್ಲಿ?" ಅಂತ ಗೈಡ್ ಕೇಳಿದರು. ಉಳಿದವರನ್ನಷ್ಟೇ ಕೇಳಿದ್ದೆ! ಹಳೆಯ ನೆರೆಯವರ ಮೂಲಕ ಮೂರು ಕುಟುಂಬ ಸಿಕ್ಕಿವೆ. ಮುಂದಿನ ವಾರ ಅವರಿಗೂ ಹಾಳೆ ಕೊಡುತ್ತೇನೆ.